ಏಳನೆಯ ಅಧ್ಯಾಯದ ‘ಅವರು’

ಜೂನ್ 3

ಮಾನ್ಯರೇ,

ಹಗ್ಗ ಹೊಸೆಯುವ ಯಂತ್ರವನ್ನು ಕಂಡುಹಿಡಿದ ಮಹನೀಯರ ನೆನಪಿಗಾಗಿ ನಮ್ಮ ವಸ್ತುಸಂಗ್ರಹಾಲಯದಲ್ಲಿ ಒಂದು ಕೊಠಡಿ ಆಗಸ್ಟ್ 20ರಂದು ಆರಂಭವಾಗಲಿದೆ. ತೊಂಬತ್ತು ವರ್ಷಗಳ ಹಿಂದೆ ಅಚ್ಚಾದ ಅವರ ಜೀವನಚರಿತ್ರೆಯ ಒಂದು ಪ್ರತಿ ಹಳೆಯ ಪುಸ್ತಕದಂಗಡಿಯಲ್ಲಿ ದೊರೆತಿದ್ದು, ಅದನ್ನು ಈ ಪತ್ರದೊಂದಿಗೆ ಕಳುಹಿಸಲಾಗಿದೆ. ಹಾಳೆಗಳನ್ನು ತೊಳೆದು, ಹಿಂದಿನ ಮಾಲೀಕರು ಪುಟಗಳ ಮೇಲೆ ಗೀಚಿರುವುದನ್ನೆಲ್ಲ ತೆಗೆದು, ಹೊಸ ರಟ್ಟು ಹಾಕಿ ಜುಲೈ ಕೊನೆಯೊಳಗೆ ಹಿಂದಿರುಗಿಸಬೇಕಾಗಿ ಕೋರಿದೆ.

ಇತಿ ತಮ್ಮ ವಿಶ್ವಾಸಿ,
ಪ್ರದರ್ಶನಾಧಿಕಾರಿ

(ಇದು ಆಫೀಸಿನ ಕಾಗದ, ಹೀಗೇ ಬರೀಬೇಕು. ಬೈಬೇಡ. ಭಾವ ಹೇಗಿದ್ದಾರೆ?)


ಜೂನ್ 9

ತಮ್ಮನಿಗೆ,

‘ಇತಿ ತಮ್ಮ ವಿಶ್ವಾಸಿ’ ಅಂತ ಬರೆದಿದ್ದೀಯಲ್ಲ, ಇಡೀ ಕಾಗದದಲ್ಲಿ ಆ ಒಂದು ‘ತಮ್ಮ’ ಮಾತ್ರ ನಿಜ ಅನ್ನಿಸಿತು. ಒಡಹುಟ್ಟಿದ ಅಕ್ಕನಿಗೆ ‘ಮಾನ್ಯರೇ’ ಅಂತೆ! ನಿನ್ನ ಭಾವ ಓದಿ ಬಿದ್ದು ಬಿದ್ದು ನಕ್ಕರು. ಮಂಡಿನೋವು ಬಿಟ್ಟರೆ ಚೆನ್ನಾಗಿದ್ದಾರೆ. ಈ ವಿಷಯಕ್ಕೆಲ್ಲ ಫೋನ್ ಮಾಡಬೇಡ. ಫೋನಿನಲ್ಲಿ ನೀನು ಮಾತು ತೇಲಿಸಿಬಿಡುತ್ತೀಯ. ಕಾಗದದಲ್ಲಿ ಬರಿ, ನನ್ನ ಹತ್ತಿರ ಉಳಿಯುತ್ತದೆ.

ಪುಸ್ತಕ ಬಿಚ್ಚಿದ್ದೇನೆ. ಹದಿನಾರು ಪುಟದ ಒಂದು ಮಡಿಕೆಗೆ ಒಂದು ಫಾರಂ, ಅಂಥವು ಇಪ್ಪತ್ತು. ಅಪ್ಪ ಇದ್ದಿದ್ದರೆ ಹೊಲಿಗೆ ನೋಡಿ ಕುರ್ಚಿ ಬಿಟ್ಟು ಏಳುತ್ತಿದ್ದರು. ಅಚ್ಚುಮನೆಯ ಹೊಲಿಗೆ ಹರಿದುಹೋದ ಮೇಲೆ ಯಾರೋ ಕೂತು ಮತ್ತೆ ಹೊಲಿದಿದ್ದಾರೆ, ಅದೂ ನಾರಿನ ಹುರಿಯಲ್ಲಿ. ಕೈಯಲ್ಲೇ ಹೊಸೆದ ಹುರಿ. ಬೈಂಡರ್ ಕೆಲಸವಲ್ಲ, ಆದರೆ ಹಗ್ಗದ ಕೆಲಸ ಬಲ್ಲವರದು. ನನ್ನ ಕತ್ತರಿಗೇ ಸುಲಭಕ್ಕೆ ಜಗ್ಗಲಿಲ್ಲ.

ನೀನು ಗೀಚು ಅಂದೆಯಲ್ಲ, ಅದು ಗೀಚಲ್ಲ. ಯಂತ್ರದ ಮಹನೀಯರ ಬಗ್ಗೆ ಎಲ್ಲೆಲ್ಲಿ ‘ಅವರು’ ಅಂತ ಇದೆಯೋ ಅಲ್ಲೆಲ್ಲ ‘ರು’ ಹೊಡೆದು ‘ನು’ ಬರೆದಿದೆ. ‘ಅವರು ಓದಿದರು’ ಅಂತ ಇದ್ದರೆ ‘ಅವನು ಓದಿದ’. ‘ಹೋದರು’ ಇದ್ದರೆ ಕೊನೆಯ ರು ಮೇಲೆ ಒಂದು ಗೆರೆ, ‘ಹೋದ’. ಪುಟ ಪುಟಕ್ಕೂ, ಬೇಸರವಿಲ್ಲದೆ, ಸಣ್ಣ ನಿಬ್ಬಿನಲ್ಲಿ. ಇಂಥದ್ದನ್ನು ಮೂವತ್ತು ವರ್ಷದ ಕೆಲಸದಲ್ಲಿ ನಾನು ಕಂಡಿಲ್ಲ.

ಯಾರ ಪುಸ್ತಕ ಇದು? ನಿನಗೆ ಗೊತ್ತಿದ್ದರೆ ತಿಳಿಸು. ಮೊದಲ ಫಾರಂ ವಿಷಯ ಇನ್ನೊಂದು ಸಲ ಬರೆಯುತ್ತೇನೆ.

ಅಕ್ಕ


ಜೂನ್ 20

ಅಕ್ಕ,

ನಿನಗೆ ಇದೆಲ್ಲ ಯಾಕೆ ಬೇಕು ಹೇಳು. ಗೋಂದು, ಹುರಿ, ರಟ್ಟು ನೋಡಿಕೊಂಡರೆ ಸಾಕಲ್ಲ. ಅದಕ್ಕೇ ಚಿಕ್ಕಂದಿನಲ್ಲಿ ನಿನಗೆ ಗೋಂದಕ್ಕ ಅಂತಿದ್ದೆ, ಹಿಡಿದರೆ ಬಿಡುವವಳಲ್ಲ.

ಮಾಲೀಕರು ಯಾರೋ ಗೊತ್ತಿಲ್ಲ. ಪುಸ್ತಕ ಕಳಿಸುವ ಮುಂಚೆ ಪುಟಗಳ ಫೋಟೊ ತೆಗೆದಿಟ್ಟಿದ್ದೆ. ಅದನ್ನು ಮಹನೀಯರ ಮರಿಮೊಮ್ಮಗ ನೋಡಿದರು. ಕೊಠಡಿ ಕಟ್ಟಿಸಿಕೊಡುತ್ತಿರುವವರು ಅವರೇ. ಮುಖ ಕೆಂಪಗೆ ಮಾಡಿಕೊಂಡು, ‘ನಮ್ಮ ಮುತ್ತಜ್ಜನಿಗೆ ಅವನು ಇವನು ಅನ್ನೋಕೆ ಇವನ್ಯಾರ್ರೀ?’ ಅಂತ ಮೇಜು ಗುದ್ದಿದರು. ನನ್ನ ಲೆಕ್ಕದಲ್ಲಿ, ಕಾರ್ಖಾನೆಯಿಂದ ಕೆಲಸ ಕಳೆದುಕೊಂಡ ಹಗ್ಗದವನೊಬ್ಬ ಹೊಟ್ಟೆಕಿಚ್ಚಿಗೆ ಹೀಗೆ ಮಾಡಿರಬೇಕು. ಹುರಿಯ ಹೊಲಿಗೆಯೂ ಅದಕ್ಕೆ ಸರಿಹೋಗುತ್ತದೆ. ಬದುಕಿದ್ದಾಗ ಎದುರಿಗೆ ನಿಂತು ಅನ್ನಲಾಗದ್ದನ್ನು ಪುಸ್ತಕದಲ್ಲಿ ಅಂದುಕೊಂಡಿದ್ದಾನೆ. ಬೈಗುಳವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲು ಆಗುತ್ತದೆಯೇ? ತೊಳೆದುಬಿಡು.

ಆಹ್ವಾನ ಪತ್ರಿಕೆಯ ಮಾದರಿ ಜೊತೆಗಿದೆ. ಫೋಟೊ ಚೆನ್ನಾಗಿ ಬಂದಿದೆ ಅಲ್ಲವೇ? ಮಹನೀಯರು ಚಕ್ರ ತಿರುಗಿಸುತ್ತಿರುವುದು. ಭಾವನಿಗೂ ತೋರಿಸು.

ನಿನ್ನ ತಮ್ಮ


ಜೂನ್ 28

ತಮ್ಮ,

ನೀನು ದೊಡ್ಡ ಓದು ಓದಿದವನು, ಸರಿ. ಕನ್ನಡ ಮಾತಾಡುವ ಮನೆಯಲ್ಲೇ ಹುಟ್ಟಿದೆ ಅನ್ನುವುದು ಮರೆತುಹೋಯಿತೇ?

ನನ್ನ ಅಂಗಡಿಯಲ್ಲಿ ಹಾಳೆ ಮಡಿಸುವ ಹೆಂಗಸನ್ನು ಕೇಳಿದೆ, ‘ನೀನು ಯಾರ್ಯಾರ್ನ ಅವನು ಅಂತೀಯ?’ ಅಂತ. ಕೈ ನಿಲ್ಲಿಸದೆ ಹೇಳಿದಳು: ‘ನನ್ ಮಗನ್ನ, ನನ್ ತಮ್ಮನ್ನ, ದೇವ್ರನ್ನ. ಆಮೇಲೆ ನಮ್ ಯಜಮಾನ್ರನ್ನ, ಅವ್ರು ಮನೇಲಿ ಇಲ್ದಾಗ.’ ಆಗದವರನ್ನೂ ಅನ್ನುತ್ತೇವೆ, ಇಲ್ಲ ಅನ್ನುವುದಿಲ್ಲ. ಆದರೆ ಆಗದವರಿಗೋಸ್ಕರ ಕುಳಿತು ಮುನ್ನೂರು ಪುಟ ತಿದ್ದುವಷ್ಟು ತಾಳ್ಮೆ ಯಾರಿಗಿದೆ? ಆಗದವನ ಪುಸ್ತಕ ಹರಿದರೆ ಒಲೆಗೆ ಹಾಕುತ್ತಾರೆ. ಇವಳು ಮತ್ತೆ ಹೊಲಿದಿಟ್ಟುಕೊಂಡಿದ್ದಾಳೆ.

‘ಇವಳು’ ಅಂದೆ. ಹೌದು, ಹೆಂಗಸು. ರಟ್ಟಿಗೆ ಅಂಟಿಸಿದ ಒಳಹಾಳೆಯನ್ನು ಹಬೆ ಹಿಡಿದು ಎಬ್ಬಿಸಿದೆ. ಅದರಡಿ ಅದೇ ಕೈಬರಹ ಇದೆ: ‘ಅಂಗಡಿಗೆ ಹೋಗಿ ಕೊಂಡವಳು ನಾನು. ನನಗೆ ಯಾರೂ ಕಳಿಸಲಿಲ್ಲ. ಕೊಂಡ ಮೇಲೆ ತಿದ್ದುವ ಹಕ್ಕೂ ನನ್ನದೇ.’ ಓದಿ ಮೈ ಜುಮ್ಮೆಂದಿತು ಕಣೋ. ಭಲೇ ಹೆಣ್ಣೇ ಅಂತ ಗಟ್ಟಿಯಾಗಿ ಅಂದುಬಿಟ್ಟೆ.

ಇನ್ನೂ ಕೇಳು. ಎರಡನೆಯ ಅಧ್ಯಾಯದಲ್ಲಿ ಜೀವನಚರಿತ್ರೆಯ ಪಂಡಿತರು ‘ಬಾಲ್ಯದಿಂದಲೇ ಅವರು ಯಾರಿಗೂ ಅಂಜುತ್ತಿರಲಿಲ್ಲ’ ಅಂತ ಬರೆದಿದ್ದಾರೆ. ಪಕ್ಕದಲ್ಲಿ ಇವಳು: ‘ಬೀದಿನಾಯಿಗೆ ಅಂಜುತ್ತಿದ್ದ. ಶಾಲೆಯ ಗೇಟಿನ ತನಕ ನಾನೇ ಕೈ ಹಿಡಿದು ಬಿಟ್ಟುಬರಬೇಕಿತ್ತು.’ ಇನ್ನೊಂದು ಕಡೆ ‘ಅವರಿಗೆ ಊಟ ತಿಂಡಿಯ ಪರಿವೆಯೇ ಇರಲಿಲ್ಲ’ ಅಂತ ಅಚ್ಚಾಗಿದೆ. ಇವಳು: ‘ಕಲಸಿ ಕೊಟ್ಟವರಿಗೆ ಗೊತ್ತು.’ ಯಾರು ಹೀಗೆ ಬರೆಯುತ್ತಾರೆ ಹೇಳು? ಕೆಲಸ ಹೋದ ಹಗ್ಗದವನೇ? ಅಕ್ಕ ಕಣೋ ಇವಳು. ಅವನ ಅಕ್ಕ. ನಿನ್ನ ಬಗ್ಗೆ ಯಾರಾದರೂ ದಪ್ಪ ಪುಸ್ತಕ ಬರೆದರೆ ನಾನೂ ಹೀಗೇ ಪೆನ್ನು ಹಿಡಿದು ಕೂರುತ್ತೇನೆ.

ಆದ್ದರಿಂದ ಇದನ್ನು ನಾನು ತೊಳೆಯುವುದಿಲ್ಲ. ಆಹ್ವಾನ ಪತ್ರಿಕೆ ನೋಡಿದೆ. ಅವನು ಚಕ್ರ ತಿರುಗಿಸುತ್ತಿದ್ದಾನೆ, ಹಗ್ಗ ಫೋಟೊದ ಅಂಚಿನ ತನಕ ಬಿಗಿಯಾಗಿ ಹೋಗಿದೆ. ಬಿಟ್ಟ ಹಗ್ಗ ಜೋಲುತ್ತದೆ. ಇದು ಜೋತಿಲ್ಲ. ಆ ಕಡೆಯ ತುದಿ ಯಾರ ಕೈಯಲ್ಲಿದೆ?

ಅಕ್ಕ


ಜುಲೈ 8

ಅಕ್ಕ,

ನಿನ್ನ ಕಾಗದ ಓದಿದೆ. ಕಥೆ ಕಟ್ಟುವುದರಲ್ಲಿ ನೀನು ಅಪ್ಪನನ್ನೂ ಮೀರಿಸಿದೆ. ಆದರೆ ಕಥೆ ಇಟ್ಟುಕೊಂಡು ಕೊಠಡಿ ತೆರೆಯಲಾಗುವುದಿಲ್ಲ, ದಾಖಲೆ ಬೇಕು.

ದಾಖಲೆ ಇಷ್ಟು. ಒಂದನೆಯ ಅಧ್ಯಾಯ, ಮನೆತನದ ವಿವರ: ‘ಅವರು ತಂದೆಗೆ ಒಬ್ಬನೇ ಮಗ.’ ಮರಿಮೊಮ್ಮಗನನ್ನೂ ಕೇಳಿದೆ. ಅವರ ಮನೆಯಲ್ಲಿ ಇಂಥ ಅಕ್ಕನ ಸುದ್ದಿಯೇ ಇಲ್ಲ. ಇನ್ನು ನಿನ್ನ ಈ ಹೆಂಗಸು ಎಷ್ಟೇ ಗಟ್ಟಿಗಿತ್ತಿಯಾದರೂ ಏಳನೆಯ ಅಧ್ಯಾಯಕ್ಕೆ ಬಂದಾಗ ತಲೆ ಬಾಗಿಸಿದ್ದಾಳೆ. ಅದೇ ಯಂತ್ರ ತಯಾರಾದ ಅಧ್ಯಾಯ. ನನ್ನ ಫೋಟೊಗಳಲ್ಲಿ ಎಣಿಸಿದೆ, ಅಲ್ಲಿ ಮೂವತ್ತೊಂದು ‘ಅವರು’ ಹಾಗೇ ಉಳಿದಿವೆ, ಹೊಡೆದಿಲ್ಲ. ಒಂದೇ ಒಂದು ಕಡೆ, ಕೊನೆಯ ಪುಟದಲ್ಲಿ, ಅಭ್ಯಾಸಬಲದಿಂದ ಹೊಡೆದಿದ್ದಾಳೆ. ಅಂದರೆ ಏನು? ಬೈಯಲು ಕೂತವಳಿಗೂ ಆ ಕೆಲಸದ ಮುಂದೆ ಮರ್ಯಾದೆ ಕೊಡದೆ ಇರಲಾಗಲಿಲ್ಲ.

ನಿರ್ದೇಶಕರು ದಿನಾ ಕೇಳುತ್ತಿದ್ದಾರೆ. ಈ ಕೊಠಡಿ ಚೆನ್ನಾಗಿ ನಡೆದರೆ ನನಗೆ ಉಪನಿರ್ದೇಶಕನ ಜಾಗ ಸಿಗುತ್ತದೆ, ಇದು ನಿನಗೆ ಗೊತ್ತಿರಲಿ. ಹಠ ಬಿಡು. ತೊಳೆದು ಕಳಿಸು.

ತಮ್ಮ


ಜುಲೈ 12

ತಮ್ಮ,

ಒಬ್ಬನೇ ಮಗ ಅಂದರೆ ಅಕ್ಕ ಇರಲಿಲ್ಲ ಅಂತ ಯಾವ ಪಂಡಿತ ಹೇಳಿಕೊಟ್ಟ ನಿನಗೆ? ನಮ್ಮ ಅಪ್ಪನಿಗೂ ನೀನು ಒಬ್ಬನೇ ಮಗ. ಹಾಗಾದರೆ ಈ ಕಾಗದ ಬರೆಯುತ್ತಿರುವುದು ದೆವ್ವವೇ?

ಏಳನೆಯ ಅಧ್ಯಾಯವನ್ನು ನಿನ್ನ ಕಾಗದ ಬಂದ ಮೇಲೆ ಮತ್ತೆ ತೆಗೆದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ನಿನ್ನ ಫೋಟೊದಲ್ಲಿ ಕಾಣದ್ದು ಆಗ ಕಂಡಿತು. ಉಳಿದ ಮೂವತ್ತೊಂದು ‘ಅವರು’ ಒಂದೊಂದರ ‘ರು’ ಕೆಳಗೂ ಪೆನ್ಸಿಲಿನ ಒಂದು ಚುಕ್ಕೆ ಇದೆ. ಅವಳು ಓದಿ ಬಿಟ್ಟದ್ದಲ್ಲ ಅದು, ಓದಿ ಇಟ್ಟದ್ದು. ‘ಅವರು ಎಂಟು ತಿಂಗಳು ಚಕ್ರವನ್ನು ಬಿಚ್ಚಿ ಕಟ್ಟಿದರು.’ ರು ಕೆಳಗೆ ಚುಕ್ಕೆ, ಇರಲಿ. ‘ಅವರು ಹುರಿಯ ಬಿಗಿಯನ್ನು ಅಳೆದರು.’ ಚುಕ್ಕೆ, ಇರಲಿ.

ಈಗ ನೀನು ಅಭ್ಯಾಸಬಲ ಅಂದೆಯಲ್ಲ, ಆ ಒಂದು ಸಾಲನ್ನು ಓದು: ‘ಕೊನೆಗೆ ಅವರು ರಾಜಧಾನಿಗೆ ತೆರಳಿ ತಮ್ಮ ಹೆಸರಿನಲ್ಲಿ ಯಂತ್ರದ ಹಕ್ಕುಪತ್ರ ಪಡೆದರು.’ ಅಲ್ಲಿ ಎರಡೂ ರು ಹೊಡೆದಿದ್ದಾಳೆ. ‘ಅವನು ಪಡೆದ.’

ಇನ್ನೂ ತಿಳಿಯಲಿಲ್ಲವೇ ಪೆದ್ದೇ? ಅದು ಮರ್ಯಾದೆಯ ‘ಅವರು’ ಅಲ್ಲ. ಲೆಕ್ಕದ ‘ಅವರು’. ಒಬ್ಬನಾದರೆ ಅವನು, ಇಬ್ಬರಾದರೆ ಅವರು. ಬಿಚ್ಚಿ ಕಟ್ಟಿದವರು ಇಬ್ಬರು, ಅಳೆದವರು ಇಬ್ಬರು, ಹಕ್ಕುಪತ್ರ ತಂದವನು ಒಬ್ಬ. ಪಂಡಿತರು ಗೌರವಕ್ಕೆ ಅಂತ ಹಾಕಿದ ಅಕ್ಷರದಲ್ಲಿ ಅವಳಿಗೆ ತನ್ನ ಜಾಗ ಸಿಕ್ಕಿದೆ. ಇಡೀ ಪುಸ್ತಕದಲ್ಲಿ ಅವಳು ಇರುವುದು ಆ ಮೂವತ್ತೊಂದು ಅಕ್ಷರದಲ್ಲಿ ಮಾತ್ರ, ಮತ್ತೆಲ್ಲೂ ಇಲ್ಲ. ಅದನ್ನು ನೀನು ತಲೆ ಬಾಗಿಸಿದಳು ಅಂತ ಓದಿದೆ. ಹಗ್ಗ ಹೊಸೆಯುವುದಕ್ಕೆ ಎರಡು ತುದಿ, ಇಬ್ಬರು ಆಳು ಬೇಕು ಅನ್ನುವುದು ಮಕ್ಕಳಿಗೂ ಗೊತ್ತಲ್ಲೋ! ನಾನು ಕೇಳಿದ ತುದಿಯ ಬಗ್ಗೆ ನೀನು ಉಸಿರೇ ಎತ್ತಿಲ್ಲ, ನೋಡಿದೆ.

ಇನ್ನು ನನ್ನ ವಿಷಯ. ಮೊದಲ ಫಾರಂ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಒಂದು ತಿಂಗಳಿನಿಂದ ಮುಂದೂಡುತ್ತಲೇ ಬಂದೆ. ಪುಸ್ತಕ ಬಂದ ದಿನ ಬಿಚ್ಚಿ, ಎಂದಿನ ಹಾಗೆ ಮೊದಲ ಫಾರಮನ್ನು ಬಿಸಿನೀರಿನ ತಟ್ಟೆಗೆ ಇಳಿಸಿದೆ. ನೀನು ತೊಳೆ ಅಂದಿದ್ದೆ, ನಾನು ತೊಳೆದೆ. ನೀರು ನೀಲಿಯಾದಾಗ ತಿರುಗಿ ನೋಡಿದೆ. ಮನೆತನದ ಅಧ್ಯಾಯ ಅದು. ‘ಒಬ್ಬನೇ ಮಗ’ ಅಂತ ನೀನು ತೋರಿಸಿದೆಯಲ್ಲ, ಅದೇ ಪುಟದ ಕೆಳಗೆ ನಾಲ್ಕು ಸಾಲು ಒತ್ತಾಗಿ ಬರೆದಿತ್ತು. ಹಾಳೆ ಎತ್ತುವಷ್ಟರಲ್ಲಿ ಹೋಯಿತು. ಓದಿರಲಿಲ್ಲ ನಾನು. ಓದದೆ ಅಳಿಸಿದೆ. ಆ ನಾಲ್ಕು ಸಾಲು ನಿನ್ನ ಫೋಟೊದಲ್ಲಿ ಇದ್ದರೆ ದಮ್ಮಯ್ಯ, ಬರೆದು ಕಳಿಸು.

ಒಂದು ಫಾರಂ ಹಾಳು ಮಾಡಿದವಳು ನಾನು. ಉಳಿದ ಹತ್ತೊಂಬತ್ತನ್ನು ಮುಟ್ಟಲು ನಿನ್ನನ್ನೂ ಬಿಡುವುದಿಲ್ಲ, ನಿನ್ನ ನಿರ್ದೇಶಕರನ್ನೂ ಬಿಡುವುದಿಲ್ಲ.

ಅಕ್ಕ


ಜುಲೈ 22

ಮಾನ್ಯರೇ,

ತಮಗೆ ಒಪ್ಪಿಸಲಾದ ಪುಸ್ತಕವನ್ನು ಇರುವ ಸ್ಥಿತಿಯಲ್ಲಿಯೇ ಹಿಂಪಡೆಯಲು ನಿರ್ಧರಿಸಲಾಗಿದೆ. ದಿನಾಂಕ 26ರಂದು ನಮ್ಮ ಚಾಲಕರು ಬರುತ್ತಾರೆ. ಉಳಿದ ಕೆಲಸವನ್ನು ಬೇರೊಬ್ಬರಿಂದ ಮಾಡಿಸಲಾಗುವುದು. ಮೊದಲ ಹದಿನಾರು ಪುಟಗಳ ಛಾಯಾಚಿತ್ರಗಳು ನಮ್ಮಲ್ಲಿ ಲಭ್ಯವಿಲ್ಲ.

ಪ್ರದರ್ಶನಾಧಿಕಾರಿ


ಜುಲೈ 27

ಪ್ರದರ್ಶನಾಧಿಕಾರಿಗಳಿಗೆ,

ನಿಮ್ಮ ಡ್ರೈವರ್ ನಿನ್ನೆ ಬಂದ. ಒಳ್ಳೆಯವನು. ಚಹಾ ಕೊಟ್ಟೆ. ಹತ್ತೊಂಬತ್ತು ಫಾರಮನ್ನೂ ಬಿಡಿ ಹಾಳೆಗಳಾಗಿ ಉದ್ದ ಮೇಜಿನ ಮೇಲೆ ಹರಡಿದ್ದೆ. ‘ಒಂದ್ ಹಾಳೆ ಮಡಿಕೆಯಾದ್ರೂ ನೀನೇ ಸಹಿ ಹಾಕ್ಬೇಕು, ತಗೊಂಡ್ ಹೋಗಪ್ಪ’ ಅಂದೆ. ಅವನು ಹಾಳೆಗಳನ್ನು ನೋಡಿದ, ನನ್ನ ಮುಖ ನೋಡಿದ, ‘ನಾನ್ ಗಾಡಿ ಓಡ್ಸೋನಮ್ಮ’ ಅಂತ ಎದ್ದು ಹೋದ.

ಬೇರೆ ಬೈಂಡರ್ ಹುಡುಕುತ್ತೀರಂತೆ. ಈ ಸುತ್ತಿನಲ್ಲಿರುವ ನಾಲ್ವರೂ ನಮ್ಮ ಅಪ್ಪನ ಹತ್ತಿರ ಕಲಿತವರು. ನಾಲ್ವರಿಗೂ ವಿಷಯ ಹೇಳಿದ್ದೇನೆ. ಕೇಳಿ ನೋಡಿ.

ಚಿತ್ರ ಲಭ್ಯವಿಲ್ಲವಂತೆ. ಸುಳ್ಳು ಹೇಳುವುದನ್ನಾದರೂ ನಿಮ್ಮ ಸ್ವಂತ ಮಾತಿನಲ್ಲಿ ಹೇಳಬಾರದಿತ್ತೇ?

ಬೈಂಡರ್


ಆಗಸ್ಟ್ 9

ಅಕ್ಕ,

ಚಿತ್ರ ಇಲ್ಲ ಅನ್ನುವುದು ಸುಳ್ಳಲ್ಲ. ಮುನ್ನುಡಿ, ಮನೆತನ, ಅದರಲ್ಲೇನಿರುತ್ತದೆ ಅಂತ ಆ ಪುಟಗಳ ಫೋಟೊ ತೆಗೆಯಲೇ ಇಲ್ಲ ನಾನು. ‘ಒಬ್ಬನೇ ಮಗ’ ಸಾಲನ್ನು ತೋರಿಸಿದ್ದು ಆಫೀಸಿನಲ್ಲಿರುವ ಆಮೇಲಿನ ಮುದ್ರಣದಿಂದ. ನೀನು ಓದದೆ ತೊಳೆದೆ, ನಾನು ನೋಡದೆ ಕಳಿಸಿದೆ. ಆ ನಾಲ್ಕು ಸಾಲಿಗೆ ನಾವಿಬ್ಬರೂ ಸೇರಿ ನೀರು ಬಿಟ್ಟೆವು.

ಸುಳ್ಳು ಬೇರೆ ಕಡೆ ಇದೆ. ಎರಡು ವಾರದಿಂದ ನಿನಗೆ ಬರೆಯಲು ಕೂತು ಹಾಳೆ ಹರಿಯುತ್ತಿದ್ದೇನೆ. ಹಗ್ಗದ ಆ ತುದಿಯನ್ನು ಹಿಡಿದವಳು ಒಬ್ಬ ಹೆಂಗಸು. ಅವಳನ್ನು ಫೋಟೊದಿಂದ ಕತ್ತರಿಸಿದವನು ನಾನು. ಏಪ್ರಿಲಿನಲ್ಲೇ, ಪುಸ್ತಕ ಸಿಗುವುದಕ್ಕೂ ಮುಂಚೆ. ಮರಿಮೊಮ್ಮಗ ‘ಆ ಕೂಲಿಯವಳನ್ನ ತೆಗೀರಿ, ಫೋಟೊ ಅಗಲ ಆಯ್ತು’ ಅಂದರು. ತೆಗೆದೆ. ಯಾರು ಅಂತ ಕೇಳಲೂ ಇಲ್ಲ. ಆ ಫೋಟೊದ ಮೂಲ ನೆಗೆಟಿವ್, ಗಾಜಿನ ಫಲಕ, ನಮ್ಮಲ್ಲೇ ಇದೆ. ನಿನ್ನ ಕಾಗದ ಬಂದ ಮೇಲೆ ತೆಗೆದು ನೋಡಿದೆ. ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡು, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ ಎಳೆಯುತ್ತಿದ್ದಾಳೆ. ಅವನು ಕ್ಯಾಮೆರಾ ನೋಡುತ್ತಿದ್ದಾನೆ, ಅವಳು ಹಗ್ಗ ನೋಡುತ್ತಿದ್ದಾಳೆ. ಮೂಗು ಇಬ್ಬರದೂ ಒಂದೇ ಥರ, ಅಕ್ಕ. ಯಾರಿಗೂ ತೋರಿಸಿಕೊಡಬೇಕಾಗಿಲ್ಲ.

ನಾಚಿಕೆಯಾಯಿತು. ನಿನ್ನ ಮೇಲೆ ಕೋಪ ಬಂದದ್ದೂ ಆ ನಾಚಿಕೆಗೇ.

ಒಂದು ಉಪಾಯ ಮಾಡಿದ್ದೇನೆ. ಇಡೀ ಫೋಟೊ ದೊಡ್ಡದು ಮಾಡಿಸಿ ಗೋಡೆಗೆ ಹಾಕುತ್ತೇನೆ. ಕೆಳಗಿನ ಬೋರ್ಡಿನಲ್ಲಿ ಈಗಾಗಲೇ ಹೀಗೆ ಬರೆದಿದೆ: ‘ಹಗ್ಗದ ಯಂತ್ರವನ್ನು ಕಂಡುಹಿಡಿದ ಯಂತ್ರಪಿತಾಮಹರು ಇವರು.’ ಅದರ ಒಂದಕ್ಷರವನ್ನೂ ಬದಲಿಸುವುದಿಲ್ಲ. ಮರಿಮೊಮ್ಮಗ ಓದಿದರೆ ಮರ್ಯಾದೆಯ ‘ಇವರು’. ಕಣ್ಣಿದ್ದವರು ಫೋಟೊ ನೋಡಿ ಓದಿದರೆ ಇಬ್ಬರ ‘ಇವರು’. ಯಾರೂ ಜಗಳಕ್ಕೆ ಬರುವ ಹಾಗಿಲ್ಲ. ಪುಸ್ತಕವನ್ನು ತೊಳೆಯದೆ ತಾ. ನಿರ್ದೇಶಕರಿಗೆ ನಾನು ಏನಾದರೂ ಹೇಳುತ್ತೇನೆ. ಹೇಗಿದೆ?

ತಮ್ಮ


ಆಗಸ್ಟ್ 13

ತಮ್ಮ,

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ಉಪಾಯದ ಪ್ಯಾರಾ ಓದಿ ಅಳು ನಿಂತು ಮೈ ಉರಿಯಿತು.

ಬೇಡ. ತೊಂಬತ್ತು ವರ್ಷ ಅವಳು ‘ಅವರು’ ಅನ್ನುವುದರ ಹಿಂದೆ ಬಚ್ಚಿಟ್ಟುಕೊಂಡದ್ದು ಸಾಲದೇ? ಅವಳಿಗೆ ಬೇರೆ ಜಾಗ ಇರಲಿಲ್ಲ, ಒಂದು ಅಕ್ಷರದ ಕೆಳಗೆ ಚುಕ್ಕೆ ಇಟ್ಟುಕೊಂಡು ಕೂತಳು. ನಿನ್ನ ಕೈಯಲ್ಲಿ ಗೋಡೆ ಇದೆ, ಬಣ್ಣ ಇದೆ, ಬೋರ್ಡ್ ಬರೆಯುವವನಿದ್ದಾನೆ. ಅಷ್ಟೆಲ್ಲ ಇಟ್ಟುಕೊಂಡು ಕಣ್ಣಿದ್ದವರು ಓದಿಕೊಳ್ಳಲಿ ಅಂತೀಯ! ಕಣ್ಣಿದ್ದ ನೀನೇ ಮೂವತ್ತೊಂದನ್ನೂ ಎಣಿಸಿ ತಪ್ಪು ಓದಲಿಲ್ಲವೇ? ‘ಇವರು’ ಬೇಡ. ‘ಇವರಿಬ್ಬರು’ ಅಂತ ಬರೆಸು. ಯಾರು ಯಾರು ಅಂತಲೂ ಬರೆಸು.

ನನ್ನ ಪಾಲಿನದನ್ನು ನಾನು ಮಾಡಿದ್ದೇನೆ. ಹತ್ತೊಂಬತ್ತು ಫಾರಂ ಇದ್ದ ಹಾಗೇ ಹೊಲಿದಿದ್ದೇನೆ. ತೊಳೆದ ಫಾರಂ ಬೆಳ್ಳಗೆ ಬೇರೆಯಾಗಿ ಕಾಣುತ್ತದೆ, ಕಾಣಲಿ. ಬಣ್ಣ ಕೊಟ್ಟು ಉಳಿದವುಗಳ ಜೊತೆ ಸೇರಿಸಿಬಿಡುವುದು ನನಗೆ ಗೊತ್ತು, ಮಾಡಲಿಲ್ಲ. ಬೈಂಡರ್ ಆದವರು ಪುಸ್ತಕದೊಳಗೆ ಒಂದಕ್ಷರ ಬರೆಯಬಾರದು ಅಂತ ಅಪ್ಪ ಹೇಳುತ್ತಿದ್ದರು. ಅದನ್ನೂ ಮೀರಿದೆ. ಹೊಸ ಒಳಹಾಳೆಯ ಮೇಲೆ, ನೀರಿಗೆ ಹೋಗದ ಕರಿ ಶಾಯಿಯಲ್ಲಿ ಬರೆದಿದ್ದೇನೆ: ‘ಮೊದಲ ಹದಿನಾರು ಪುಟಗಳಲ್ಲಿ ಈ ಪುಸ್ತಕದ ಒಡತಿ ಬರೆದದ್ದನ್ನು ಓದದೆ ಅಳಿಸಿದವಳು ನಾನು.’ ಕೆಳಗೆ ಸಹಿ, ತಾರೀಖು. ನಿರ್ದೇಶಕರು ಬಯ್ಯುವುದಿದ್ದರೆ ನನ್ನನ್ನೇ ಬಯ್ಯಲಿ. ಇನ್ನು ಮುಂದೆ ನಿಮ್ಮಲ್ಲಿಂದ ಕೆಲಸ ಬರುವುದಿಲ್ಲ, ಗೊತ್ತು. ಮಾಡಲು ಶಾಲೆಯ ರಿಜಿಸ್ಟರುಗಳು ಬೇಕಾದಷ್ಟಿವೆ.

ಇಪ್ಪತ್ತಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಮೊದಲು ಬೋರ್ಡ್ ನೋಡುತ್ತೇನೆ. ‘ಇವರು’ ಅಂತಿದ್ದರೆ ಪುಸ್ತಕ ಕಂಕುಳಲ್ಲೇ ಇಟ್ಟುಕೊಂಡು ಮುಂದಿನ ಬಸ್ಸಿಗೆ ವಾಪಸು. ನಿನ್ನ ಬಡ್ತಿ ಹೋದರೆ ಹೋಗಲಿ ಅಂತ ನಾನು ಹೇಳಲಾರೆ, ಅದು ನಿನ್ನ ಹೊಟ್ಟೆಪಾಡು. ಯೋಚನೆ ಮಾಡು.

ಅಕ್ಕ


ಆಗಸ್ಟ್ 19

ಅಕ್ಕ,

ಅಂಚೆಗೆ ಹಾಕಿದರೆ ನಾಳೆ ನೀನು ಹೊರಡುವುದರೊಳಗೆ ತಲುಪುವುದಿಲ್ಲ, ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ಸಲವೂ ಚಹಾ ಕೊಡು.

ಬೆಳಿಗ್ಗೆ ಬೋರ್ಡ್ ಬರೆಯುವವನನ್ನು ಕರೆಸಿದೆ. ಏನು ಸೇರಿಸಬೇಕೆಂದು ಹೇಳಿದೆ. ಅಳತೆಪಟ್ಟಿ ಹಿಡಿದು ನೋಡಿ, ‘ಸಾರ್, ಜಾಗ ಇಲ್ಲ’ ಅಂದ. ‘ಯಂತ್ರಪಿತಾಮಹರು ಅಂತ ಇದ್ಯಲ್ಲ, ಅದನ್ನ ಅಳ್ಸು. ಆಗುತ್ತೆ’ ಅಂದೆ. ಅವನಿಗೆ ಗಾಬರಿ. ‘ಅಷ್ಟ್ ದೊಡ್ಡ ಬಿರುದು ತೆಗೆದ್ರೆ ಬೇಜಾರಾಗಲ್ವಾ ಸಾರ್?’ ಅಂದ. ‘ಯಾರಿಗೆ, ಅವನಿಗಾ? ಬಿಡಪ್ಪಾ, ಅವರಕ್ಕ ಪಕ್ಕದಲ್ಲೇ ಇದಾಳೆ’ ಅಂದೆ. ಅಷ್ಟು ದೊಡ್ಡವರನ್ನು ‘ಅವನು’ ಅಂದದ್ದು ನನ್ನ ಬಾಯಿಗೂ ಹೊಸದು.

ಈಗ ಹೀಗಿದೆ: ‘ಹಗ್ಗದ ಯಂತ್ರವನ್ನು ಕಂಡುಹಿಡಿದವರು ಅಕ್ಕ, ತಮ್ಮ ಇವರಿಬ್ಬರು.’

ಮರಿಮೊಮ್ಮಗ ಮಧ್ಯಾಹ್ನ ಬಂದು ನೋಡಿ, ನೇರ ನಿರ್ದೇಶಕರ ಕೋಣೆಗೆ ಹೋದರು. ಬಣ್ಣ ಒಣಗಲು ನಾಳೆ ಬೆಳಗಿನ ತನಕ ಬೇಕಂತೆ. ಹಸಿ ಬಣ್ಣ, ಯಾರಾದರೂ ಒಂದು ಬಟ್ಟೆ ಒರೆಸಿದರೆ ಮುಗಿಯಿತು. ಅದಕ್ಕೇ ಬೋರ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೇನೆ, ಈ ಕಾಗದವನ್ನೂ ಇಲ್ಲೇ ಮಂಡಿಯ ಮೇಲಿಟ್ಟು ಬರೆಯುತ್ತಿದ್ದೇನೆ. ನಿರ್ದೇಶಕರು ಎರಡು ಸಲ ಹೇಳಿ ಕಳಿಸಿದರು, ಕೂಡಲೇ ಬರಬೇಕಂತೆ. ಬೇಕಾದರೆ ಅವರೇ ಇಲ್ಲಿಗೆ ಬರಲಿ ಅಂದಿದ್ದೇನೆ.

ತಮ್ಮ